ಇಪ್ಪತ್ತೆಂಟು ದಿನದ ನೀರು

ಒದ್ದೆ ಗೋಣಿಚೀಲದ ವಾಸನೆ ಕೆಲವರಿಗೆ ಮಂಡಿಯನ್ನು ನೆನಪಿಸುತ್ತದೆ, ಕೆಲವರಿಗೆ ಕೊಟ್ಟಿಗೆಯನ್ನು. ನಾನು ಅದು ಮೂಗಿಗೆ ಬಡಿದ ಕೂಡಲೆ ನಿಂತ ಜಾಗ ಬಿಟ್ಟು ಆಚೆ ಹೋಗುತ್ತೇನೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಯಾಕೆ ಎಂದು ಕೇಳುತ್ತಿದ್ದರು, ಆ ಪ್ರಶ್ನೆಗೆ ನನ್ನಲ್ಲಿ ಉತ್ತರ ಇಲ್ಲದೆ ಅಲ್ಲ, ಇದ್ದದ್ದರಿಂದಲೇ ಹೇಳಿರಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ, ಗೌರಿ ಹಬ್ಬಕ್ಕೆ ನಾಲ್ಕು ದಿನ ಇರುವಾಗ, ನಾನು ಪಾಠ ಹೇಳುವ ಪಾಲಿಟೆಕ್ನಿಕ್ಕಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹಾಸನದಲ್ಲಿ ಏಳುತ್ತಿದ್ದ ಒಂದು ಹೊಸ ಕಟ್ಟಡ ನೋಡಲು ಹೋಗಿದ್ದೆ. ಅದಕ್ಕೆ ಹಸಿರು ಕಟ್ಟಡ ಎಂದು ಹೆಸರು. ಬಿಸಿಲು ಕಡಿಮೆ ಹೀರುವ ಗಾಜು, ಮಳೆನೀರು ಹಿಡಿಯುವ ತೊಟ್ಟಿ, ಚಾವಣಿಯ ಮೇಲೆ ಸೌರಫಲಕ. ನಕ್ಷೆ ಮಾಡಿದ ಯುವಕ ಬೆಂಗಳೂರಿನವನು. ಅವನದೊಂದು ಪುಟ್ಟ ವಿದ್ಯುತ್ ಕಾರು ಗೇಟಿನ ಬಳಿ ನಿಂತಿತ್ತು. ಅಷ್ಟು ದೂರ ಓಡುವಷ್ಟು ಚಾರ್ಜು ಅದರಲ್ಲಿ ನಿಲ್ಲುವುದಿಲ್ಲವಂತೆ, ಆದ್ದರಿಂದ ಲಾರಿಯ ಮೇಲೆ ಹೇರಿ ತಂದಿದ್ದರು. ಅವತ್ತು ಕರೆಂಟು ಬೇರೆ ಹೋಗಿತ್ತು. ಸೈಟಿನ ಡೀಸೆಲ್ ಜನರೇಟರು ಗುಡುಗುಡು ಎನ್ನುತ್ತ ಆ ಕಾರಿಗೆ ಚಾರ್ಜು ತುಂಬುತ್ತಿತ್ತು. ಹುಡುಗರು ಮುಸಿಮುಸಿ ನಕ್ಕರು. ನಾನು ನಗಲಿಲ್ಲ. ಹೊಸದನ್ನು ಊರಿಗೆ ತರುವವರು ಎಷ್ಟು ನಗೆಪಾಟಲಾಗುತ್ತಾರೆ ಎಂಬುದು ನನಗೆ ಗೊತ್ತು.

ಹಿಂಬದಿಯಲ್ಲಿ ಹೊಸ ಗೋಡೆಗೆ ಗೋಣಿತಾಟು ಹೊದಿಸಿ ಹೆಂಗಸೊಬ್ಬಳು ಪೈಪಿನಲ್ಲಿ ನೀರು ಹೊಡೆಯುತ್ತಿದ್ದಳು. ಆ ವಾಸನೆ ಬಂತು. ಅದೇ ಹೊತ್ತಿಗೆ ವಿದ್ಯಾರ್ಥಿನಿಯೊಬ್ಬಳು, "ಮೇಡಂ, ಎಷ್ಟು ದಿನ ನೀರು ಹೊಡೀಬೇಕು?" ಎಂದು ಕೇಳಿದಳು. ಪುಸ್ತಕದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಮೇಸ್ತ್ರಿಯನ್ನು ಕೇಳು ಅಂದೆ. ಮಾರನೆಯ ದಿನ ರಜೆ ಹಾಕಿ ಹೊಳೆನರಸೀಪುರದ ಬಸ್ಸು ಹತ್ತಿದೆ.

ಅದಕ್ಕೂ ಹನ್ನೆರಡು ವರ್ಷದ ಹಿಂದೆ, ತೊಂಬತ್ತೇಳರ ಬೇಸಿಗೆಯಲ್ಲಿ, ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗಿರುವ ಹುಣಸೇಕಟ್ಟೆ ಎಂಬ ಊರಿಗೆ ನಾನು ಇಂಜಿನಿಯರಾಗಿ ಹೋದೆ. ಆಗ ನನಗೆ ಇಪ್ಪತ್ತಾರು. ಸುಡದ ಮಣ್ಣಿನ ಬ್ಲಾಕುಗಳಿಂದ ಕಟ್ಟಡ ಕಟ್ಟುವ ಒಂದು ಯೋಜನೆ ಅದು. ಮಣ್ಣಿಗೆ ಸ್ವಲ್ಪ ಸಿಮೆಂಟು, ಸ್ವಲ್ಪ ಸುಣ್ಣ ಬೆರೆಸಿ ಕಬ್ಬಿಣದ ಅಚ್ಚಿನಲ್ಲಿ ಬಲವಾಗಿ ಒತ್ತುವುದು. ನೆರಳಿನಲ್ಲಿ ಪೇರಿಸಿ, ಗೋಣಿತಾಟು ಹೊದಿಸಿ, ಇಪ್ಪತ್ತೆಂಟು ದಿನ ನೀರು ಹೊಡೆಯುವುದು. ಸುಣ್ಣ ನಿಧಾನವಾಗಿ ಗಟ್ಟಿಯಾಗುವ ವಸ್ತು, ಅದಕ್ಕೆ ಅವಸರ ಆಗಿಬರುವುದಿಲ್ಲ. ಇಪ್ಪತ್ತೆಂಟು ದಿನ ಕಾದರೆ ಸಾಕು, ಒಂದು ಕಡ್ಡಿ ಸೌದೆ ಸುಡದೆ ಇಟ್ಟಿಗೆಯಂಥದೇ ಗೋಡೆ. ಬೇಸಿಗೆಯಲ್ಲಿ ಒಳಗೆ ತಂಪು, ಚಳಿಗಾಲದಲ್ಲಿ ಬೆಚ್ಚಗೆ.

ಸೌದೆಯ ಮಾತು ಆ ಊರಿನಲ್ಲಿ ಬರೀ ಮಾತಾಗಿರಲಿಲ್ಲ. ಹುಣಸೇಕಟ್ಟೆಯ ಹೆಸರಿನಲ್ಲಿ ಮಾತ್ರ ಹುಣಸೆ ಉಳಿದಿತ್ತು, ಮರಗಳೆಲ್ಲ ಒಂದೊಂದಾಗಿ ಇಟ್ಟಿಗೆ ಗೂಡಿಗೆ ಹೋಗಿದ್ದವು. ಸುತ್ತ ನಾಲ್ಕು ಗೂಡುಗಳು ಹೊಗೆಯಾಡುತ್ತಿದ್ದವು. ಇದನ್ನೆಲ್ಲ ನಾನು ಪಂಚಾಯ್ತಿ ಕಟ್ಟೆಯ ಮೇಲೆ ನಿಂತು ಉತ್ಸಾಹದಿಂದ ವಿವರಿಸಿದೆ. ನಿಮ್ಮೂರಿನ ಹೊಸ ಶಾಲೆಯನ್ನು ಈ ಬ್ಲಾಕಿನಲ್ಲೇ ಕಟ್ಟೋಣ ಅಂದೆ. ಅಧ್ಯಕ್ಷರಾದ ಸಣ್ಣಪ್ಪಗೌಡರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಹೆಗಲ ಮೇಲಿನ ಟವೆಲ್ಲು ಕೊಡವಿದರು.

"ಮಣ್ಣಿನ ಗ್ವಾಡೆ ನಮ್ಮ ತಾತನ ಕಾಲಕ್ಕೇ ಸಾಕಾಯ್ತು ಮೇಡಂ. ಪಕ್ಕದೂರಿನ ಐಕ್ಳಿಗೆ ಸಿಮೆಂಟ್ ಸ್ಕೂಲು, ನಮ್ಮ ಐಕ್ಳಿಗೆ ಮಣ್ಣಾ? ಇಷ್ಟು ದಿನ ಮಣ್ಣಿಂದ ಎದ್ದು ಬರಾಕೇ ನಾವು ಒದ್ದಾಡಿದ್ದು."

ಅವರು ಹೇಳಿದ್ದರಲ್ಲಿ ಅವಮಾನದ ಒಂದು ಲೆಕ್ಕವಿತ್ತು, ಅದು ನಾನು ಕಲಿತ ಲೆಕ್ಕದಲ್ಲಿ ಇರಲಿಲ್ಲ. ಕೊನೆಗೆ ಗೌಡರೇ ಒಂದು ದಾರಿ ಹೇಳಿದರು. ಮೊದಲು ಊರಿನಲ್ಲಿ ಒಂದು ಮನೆ ಕಟ್ಟಿ ತೋರಿಸಿ, ಒಂದು ಮಳೆಗಾಲ ಅದು ನಿಲ್ಲಲಿ, ಆಮೇಲೆ ಶಾಲೆಯ ಮಾತು.

"ನಂದು ಕಟ್ರವ್ವ" ಎಂದು ಹಿಂದಿನಿಂದ ಒಂದು ದನಿ ಬಂತು. ಜಯಮ್ಮ ಎದ್ದು ನಿಂತಿದ್ದಳು.

ಜಯಮ್ಮನಿಗೆ ಆಗ ನಲವತ್ತರ ಆಚೆ ಈಚೆ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಗೂಡಿನಲ್ಲಿ ಇಟ್ಟಿಗೆ ಹೊರುವ ಕೆಲಸ, ಹೊಗೆಗೆ ಕಣ್ಣು ಸದಾ ಕೆಂಪು. ಮೈದುನನ ಕೊಟ್ಟಿಗೆಗೆ ಒತ್ತಿಕೊಂಡು ಇಳಿಸಿದ ತೆಂಗಿನ ಗರಿಯ ಮಾಡಿನ ಕೆಳಗೆ ವಾಸ. ಊರ ಅಂಚಿನಲ್ಲಿ ಅವಳ ಹೆಸರಿಗೆ ಒಂದು ಸೈಟು ಮಂಜೂರಾಗಿತ್ತು, ಅದರ ಮೇಲೆ ಅಲ್ಲಿಯವರೆಗೆ ಬೆಳೆದದ್ದು ಎಕ್ಕದ ಗಿಡ. ಒಬ್ಬಳೇ ಮಗಳು ಸವಿತಾಳನ್ನು ಆ ಚೈತ್ರದಲ್ಲಷ್ಟೇ ಅರಕಲಗೂಡಿನ ಕಡೆ ಕೊಟ್ಟಿದ್ದಳು.

ಮನೆ ಯಾಕೆ ಬೇಕು ಎಂದು ಅವಳು ಮೊದಲ ದಿನವೇ ನನಗೆ ಹೇಳಿದಳು, ಗುಟ್ಟು ಮಾಡಲಿಲ್ಲ. "ಮೊದಲ್ನೇ ಆಷಾಢಕ್ಕೆ ಮಗಳು ತವರಿಗೆ ಬತ್ತಳೆ ಕಣವ್ವ. ಅತ್ತೆ ಸೊಸೆ ಒಂದೇ ಬಾಗ್ಲಲ್ಲಿ ಓಡಾಡಬಾರ್ದು ಅಂತ ಅವರು ಕಳಿಸೇ ಕಳಿಸ್ತಾರೆ. ಬಂದ ಮಗೀನ ಕೊಟ್ಟಿಗೆ ಪಕ್ಕ ಮನಗಿಸ್ಲಾ? ನಾಕು ಗ್ವಾಡೆ ಒಳಗೆ ಒಂದು ತಿಂಗ್ಳು ಅವಳು ನನ್ನ ಜೊತೇಲಿ ಇದ್ದು ಓಗ್ಲಿ. ಅಷ್ಟೇ ನಂಗೆ."

ಕೆಲಸ ಶುರುವಾಯಿತು. ಅವಳ ಸೈಟಿನಲ್ಲೇ ಗುಂಡಿ ತೋಡಿ ಕೆಂಪು ಮಣ್ಣು ತೆಗೆದೆವು. ಸೈಜುಗಲ್ಲಿನ ಪಾಯ ಹಾಕಿದೆವು. ಯಂತ್ರದ ಉದ್ದನೆಯ ಕಬ್ಬಿಣದ ಹಿಡಿಕೆಯನ್ನು ಎಳೆಯಲು ಗಂಡಸರು ಬರಲಿಲ್ಲ, ಮಣ್ಣಿನ ಆಟ ಎಂದು ನಕ್ಕು ಹೋದರು. ಜಯಮ್ಮ ಗೂಡಿನಿಂದ ಇಬ್ಬರು ಹೆಂಗಸರನ್ನು ಕರೆತಂದಳು. ಹಿಡಿಕೆ ಎಳೆಯುವ ಜಾಗ ಮಾತ್ರ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅವಳ ಬಲಗೈ ಬಲ ನೋಡಿ ನನಗೇ ಭಯವಾಗುತ್ತಿತ್ತು. ಹುಣಸೇಕಟ್ಟೆಯಲ್ಲಿ ನನ್ನ ಹೆಸರು ಇಂಜಿನೇರಮ್ಮ ಎಂದಾಯಿತು. ಮಧ್ಯಾಹ್ನ ಅವರ ಜೊತೆಯಲ್ಲೇ ಕೂತು ಮುದ್ದೆ ಉಣ್ಣುತ್ತಿದ್ದೆ. ಹೊಳೆನರಸೀಪುರದ ಪುರೋಹಿತರ ಮನೆಯ ಹುಡುಗಿ ಮುದ್ದೆಯನ್ನು ಅಗಿಯುವುದು ನೋಡಿ ಅವರಿಗೆ ದಿನವೂ ನಗು. "ನುಂಗವ್ವ, ಅಗೀಬ್ಯಾಡ, ಅದೇನು ಕಡ್ಲೆಯಾ?" ಎನ್ನುತ್ತಿದ್ದರು. ಕೆಲಸದಲ್ಲಿ ನಾನು ಅಷ್ಟು ಸುಖವಾಗಿದ್ದ ದಿನಗಳು ಮತ್ತೆ ಬರಲಿಲ್ಲ.

ಜಯಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ನೀರಿನ ದಿನ ಎಣಿಸಲು ಅವಳದೇ ಒಂದು ಉಪಾಯವಿತ್ತು. ಪ್ರತಿ ಪೇರಿನ ಮೂಲೆಯ ಬ್ಲಾಕೊಂದರ ಮೇಲೆ, ಸಂಜೆ ನೀರು ಹೊಡೆದು ಮುಗಿಸಿದ ಮೇಲೆ, ಮೊಳೆಯಿಂದ ಒಂದು ಗೀರು ಎಳೆಯುವುದು. ಇಪ್ಪತ್ತೆಂಟು ಗೀರಾದರೆ ಆ ಪೇರು ಗೋಡೆಗೆ. ಮೊದಮೊದಲ ಗೀರು ಆಳವಾಗಿ ಮೂಡುತ್ತಿತ್ತು, ಕೊನೆಕೊನೆಗೆ ಬ್ಲಾಕು ಗಟ್ಟಿಯಾಗಿ ಮೊಳೆ ಜಾರುತ್ತಿತ್ತು. "ನೋಡ್ರವ್ವ, ಮೊಳೆ ಇಳೀತಿಲ್ಲ, ಕಲ್ಲಾಯ್ತು" ಎಂದು ತೋರಿಸುವಾಗ ಅವಳ ಮುಖ ನೋಡಬೇಕಿತ್ತು. ನನ್ನ ದಾಖಲೆ ಪುಸ್ತಕಕ್ಕಿಂತ ಆ ಗೀರುಗಳೇ ಖಚಿತ.

ಮೂರು ಗೋಡೆ ಏಳುವವರೆಗೆ ಎಲ್ಲವೂ ಸರಿಯಾಗಿತ್ತು. ನಾಲ್ಕನೆಯದು, ಪಡುವಣ ದಿಕ್ಕಿನದು, ಬಾಕಿ ಇರುವಾಗ ಬ್ಲಾಕು ಸಾಲದೆ ಬಂತು. ನಾನು ಹಾಕಿದ ಅಂದಾಜೇ ತಪ್ಪಿತ್ತು. ಮತ್ತೆ ಮಣ್ಣು ತೆಗೆದು, ಮತ್ತೆ ಒತ್ತಿ, ಕೊನೆಯ ಪೇರು ಕಟ್ಟುವ ಹೊತ್ತಿಗೆ ಜ್ಯೇಷ್ಠ ಅರ್ಧ ಕಳೆದಿತ್ತು. ಆಷಾಢದಲ್ಲಿ ಗೃಹಪ್ರವೇಶ ಯಾರೂ ಮಾಡುವುದಿಲ್ಲ. ಮಗಳು ಬರುವುದೋ ಆಷಾಢದ ಬಾಗಿಲಲ್ಲೇ. ಜಯಮ್ಮ ಒಂದು ಬೆಳಿಗ್ಗೆ ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಹೊಳೆನರಸೀಪುರದ ನಮ್ಮ ಮನೆಗೆ ಬಂದಳು, ಅಪ್ಪನ ಹತ್ತಿರ ದಿನ ಕೇಳಲು.

ಅಪ್ಪ ಪಂಚಾಂಗ ಬಿಡಿಸಿ, ಕನ್ನಡಕ ಏರಿಸಿ, ಬೆರಳು ಮಡಿಸಿ ನೋಡಿದರು. ಜ್ಯೇಷ್ಠದಲ್ಲಿ ಇನ್ನು ಒಂದೇ ಒಂದು ಮುಹೂರ್ತ ಉಳಿದಿತ್ತು. ಅದನ್ನು ಹೇಳಿ, ನನ್ನ ಕಡೆ ತಿರುಗಿ, "ಶಾರದಾ, ನಿನ್ನ ಲೆಕ್ಕಕ್ಕೆ ಇದು ಸರಿಹೋಗುತ್ತೇನಮ್ಮಾ? ಇಲ್ಲದಿದ್ದರೆ ಶ್ರಾವಣದಲ್ಲಿ ಒಳ್ಳೊಳ್ಳೆ ದಿನ ಇವೆ" ಎಂದರು.

ನಾನು ಮನಸ್ಸಿನಲ್ಲೇ ಎಣಿಸಿದೆ. ಆ ದಿನಕ್ಕೆ ಮನೆ ಮುಗಿಯಬೇಕಾದರೆ ಕೊನೆಯ ಪೇರನ್ನು ಒಂಬತ್ತನೇ ದಿನಕ್ಕೇ ಗೋಡೆಗೆ ಏರಿಸಬೇಕಿತ್ತು. ಜಯಮ್ಮ ಹಜಾರದ ಕಂಬದ ಪಕ್ಕ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಆಸೆಗೆ ಇಲ್ಲ ಎನ್ನಲು ನನಗೆ ಕಷ್ಟವಾಯಿತು ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ತಪ್ಪಿದ್ದು ನನ್ನ ಅಂದಾಜೇ ಎಂದು ಅಪ್ಪನ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು. ಮಳೆ ತಡವಾಗಿ ಬಂದರೆ ಗೋಡೆ ತಾನಾಗಿ ಒಣಗುತ್ತದೆ ಎಂದುಕೊಂಡೆ.

"ಸರಿಹೋಗುತ್ತೆ" ಅಂದೆ.

ಒಂಬತ್ತನೇ ದಿನ ಪೇರಿನ ಅರ್ಧದಷ್ಟು ಬ್ಲಾಕುಗಳು ಗೋಡೆಗೆ ಏರಿದವು. ಜಯಮ್ಮ ಮೂಲೆಯ ಬ್ಲಾಕಿನ ಗೀರುಗಳನ್ನು ಮುಟ್ಟಿ ನೋಡಿ, "ಇನ್ನಾ ಒಂಬತ್ತೇ ಆಗಿರಾದು ಕಣವ್ವ" ಎಂದಳು. ಪರವಾಗಿಲ್ಲ, ಕಟ್ಟಿ, ಗೋಡೆಯ ಮೇಲೇ ನೀರು ಹೊಡೆಯೋಣ ಅಂದೆ. ಇಂಜಿನೇರಮ್ಮನೇ ಹೇಳಿದ ಮೇಲೆ ಅವಳು ಎರಡನೇ ಮಾತು ಆಡಲಿಲ್ಲ. ಆ ಕಡೆಯ ಸೂರಿಗೆ ಎರಡು ಸಾಲು ಹೆಂಚು ಕಡಿಮೆ ಬಿದ್ದಿದ್ದವು, ಅದನ್ನೂ ಆಮೇಲೆ ನೋಡೋಣ ಅಂದೆ. ಮಿಕ್ಕ ಅರ್ಧ ಪೇರು ಬೇವಿನ ಮರದ ನೆರಳಿನಲ್ಲಿ ಗೋಣಿತಾಟು ಹೊದ್ದು ಹಾಗೇ ಉಳಿಯಿತು. ಜಯಮ್ಮ ಅದಕ್ಕೆ ನೀರು ಹೊಡೆಯುವುದನ್ನು ನಿಲ್ಲಿಸಲಿಲ್ಲ.

ಗೃಹಪ್ರವೇಶ ಚೆನ್ನಾಗಿಯೇ ಆಯಿತು. ಅಪ್ಪನೇ ಬಂದು ಮಾಡಿಸಿದರು. ಹಾಲು ಉಕ್ಕಿತು. ಸಣ್ಣಪ್ಪಗೌಡರು ಗೋಡೆಗಳನ್ನು ಬೆರಳಿನ ಗೆಣ್ಣಿನಿಂದ ತಟ್ಟಿ ತಟ್ಟಿ ನೋಡಿ, "ಪರವಾಗಿಲ್ಲ, ಸಬ್ದ ಬತ್ತದೆ" ಎಂದರು. ಮಾರನೆಯ ದಿನ ಸವಿತಾ ಬಂದಳು. ಕೈತುಂಬ ಹಸಿರು ಬಳೆ. ಬಂದವಳೇ ಮನೆಯನ್ನೆಲ್ಲ ಒಂದು ಸುತ್ತು ಹಾಕಿ, ಪಡುವಣ ಗೋಡೆಗೆ ಒರಗಿ ಕೂತು, "ಅವ್ವಾ, ಎಷ್ಟು ತಂಪಾಗದೆ!" ಎಂದು ಕೂಗಿದಳು. ಜಯಮ್ಮ ಒಲೆಯ ಮುಂದೆ ಬೆನ್ನು ತಿರುಗಿಸಿಕೊಂಡು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅದು ಹೊಗೆಗಲ್ಲ.

ಅವತ್ತು ಸಂಜೆಯೇ ಸೋನೆ ಹಿಡಿಯಿತು. ಗಾಳಿ ಪಡುವಣದಿಂದ ಬೀಸಿ ಆ ಗೋಡೆಗೇ ನೀರು ಎರಚಿತು. ಎರಡು ಸಾಲು ಹೆಂಚು ಇಲ್ಲದ ಕಡೆ ಸೂರಿನ ನೀರೂ ನೇರ ಗೋಡೆಯ ಬುಡಕ್ಕೇ ಬಿತ್ತು. ಮೂರನೆಯ ದಿನ ಬೆಳಿಗ್ಗೆ ನಾನು ಬಸ್ಸಿಳಿದು ಬರುವಾಗ ಊರೆಲ್ಲ ಅವಳ ಮನೆಯ ಮುಂದೆ ನಿಂತಿತ್ತು. ಪಡುವಣ ಗೋಡೆ ಇರಲಿಲ್ಲ. ಇದ್ದ ಜಾಗದಲ್ಲಿ ಕೆಂಪು ಮಣ್ಣಿನ ಗುಡ್ಡೆ, ಅದರ ಮೇಲೆ ಒಡೆದ ಹೆಂಚು. ಗೋಡೆಗೆ ಒರಗಿ ಕೂತು ತಲೆ ಬಾಚಿಕೊಳ್ಳುತ್ತಿದ್ದ ಮಗಳನ್ನು ಜಯಮ್ಮ ಒಂದು ಕೈಯಿಂದ ಎಳೆದು ಆಚೆ ತಳ್ಳಿದ್ದಳು. ಅದೇ ಕೈ, ಬಲಗೈ, ಗೋಡೆಯ ಕೆಳಗೆ ಸಿಕ್ಕಿಕೊಂಡಿತ್ತು.

ಮಗಳಿಗೆ ಒಂದು ತರಚು ಗಾಯವೂ ಆಗಲಿಲ್ಲ. ಜಯಮ್ಮನ ಮಣಿಕಟ್ಟು ಮುರಿದಿತ್ತು. ಯಾರೋ ಆಗಲೇ ಬಿದಿರಿನ ದಬ್ಬೆ ಇಟ್ಟು ಕಟ್ಟಿದ್ದರು. ನಾನು ಹೊಳೆನರಸೀಪುರದ ಆಸ್ಪತ್ರೆಗೆ ಹೋಗೋಣ ಎಂದು ಗೋಗರೆದೆ. ನಿಮ್ಮ ಯೋಜನೆಯ ಸಾಹೇಬರು ಬರುತ್ತಿದ್ದಾರಂತೆ, ಬಂದು ಹೋಗಲಿ ಎಂದಳು.

ಹಾಸನದಿಂದ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಬಿದ್ದ ಗೋಡೆಯಿಂದ ಒಂದು ಬ್ಲಾಕು ಎತ್ತಿ ಹಿಸುಕಿದರು. ಅದು ಬೆರಳ ಸಂದಿಯಲ್ಲಿ ಕೆಸರಾಗಿ ಇಳಿಯಿತು. "ಇದು ಎಷ್ಟು ದಿನದ್ದು? ಇದನ್ನ ಕಟ್ಟೋಕೆ ಯಾರು ಹೇಳಿದ್ದು?" ಎಂದು ನನ್ನನ್ನೇ ನೋಡಿ ಕೇಳಿದರು. ಸಣ್ಣಪ್ಪಗೌಡರು, ಊರವರು, ಸವಿತಾ, ಅವಳನ್ನು ನೋಡಲು ಓಡಿಬಂದಿದ್ದ ಅವಳ ಭಾವ, ಎಲ್ಲರೂ ಸುತ್ತ ನಿಂತಿದ್ದರು. ನನ್ನ ಬಾಯಿ ತೆರೆದಿತ್ತು, ಆದರೆ ದನಿ ಹೊರಡಲಿಲ್ಲ.

"ನಾನೇ ಸಾ" ಎಂದಳು ಜಯಮ್ಮ. "ಮೇಡಮ್ನೋರು ಬ್ಯಾಡ ಅಂದಿದ್ರು. ನಾನೇ ಅವರು ಇಲ್ದಾಗ ಕಟ್ಟಿಸ್ಬುಟ್ಟೆ. ನೀರೂ ಸರಿಯಾಗಿ ಆಕ್ಲಿಲ್ಲ."

ಆಗಲಾದರೂ ನಾನು ಮಾತಾಡಬಹುದಿತ್ತು. ಇಲ್ಲ ಸಾರ್, ಹೇಳಿದ್ದು ನಾನು, ಅಷ್ಟೇ ಸಾಕಿತ್ತು. ಸಾಹೇಬರು ತಮ್ಮ ಪುಸ್ತಕದಲ್ಲಿ ಏನೋ ಬರೆದುಕೊಂಡರು. ನಾನು ಅವರ ಪೆನ್ನು ಓಡುವುದನ್ನು ನೋಡುತ್ತ ನಿಂತೆ. ಹೇಡಿತನ ಅಂದರೆ ಓಡಿಹೋಗುವುದು ಎಂದು ತಿಳಿದಿದ್ದೆ. ಅವತ್ತು ನಾನು ಎಲ್ಲಿಗೂ ಓಡಲಿಲ್ಲ.

ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಅವಳನ್ನು ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು. ಅವಳು ನೋವಿಗೆ ತುಟಿ ಕಚ್ಚಿಕೊಂಡಿದ್ದಳು. "ತಪ್ಪು ನಿಮ್ದು ಅಂದ್ರೆ ನಿಮ್ಮ ಕೆಲ್ಸ ಓಯ್ತದೆ, ಬ್ಲಾಕೂ ಓಯ್ತದೆ, ಸ್ಕೂಲೂ ಓಯ್ತದೆ. ಎಲ್ರೂ ತಿರ್ಗಾ ಗೂಡಿಗೇ ಓಗ್ಬೇಕು. ನಂದು ಅಂದ್ರೆ ಏನೋಯ್ತದೆ ಬುಡಿ" ಎಂದಳು.

ಏನು ಹೋಗುತ್ತದೆ ಎಂದು ಆಗ ಅವಳಿಗೂ ಗೊತ್ತಿರಲಿಲ್ಲ. ಅವತ್ತೇ ಮಧ್ಯಾಹ್ನ ಸವಿತಾಳ ಭಾವ ಅವಳನ್ನು ಕರೆದುಕೊಂಡು ಹೋದ. ಅತ್ತೆಯ ಮನೆಗೆ ಸೇರಿಸುವಂತಿಲ್ಲ, ತವರಿನಲ್ಲಿ ಬಿಡುವಂತಿಲ್ಲ. ಚನ್ನರಾಯಪಟ್ಟಣದಲ್ಲಿ ಅವರ ದೂರದ ನೆಂಟರೊಬ್ಬರ ಮನೆಯಲ್ಲಿ, ಗುರುತು ಪರಿಚಯವಿಲ್ಲದವರ ನಡುವೆ, ಆ ಹುಡುಗಿ ತನ್ನ ಮೊದಲ ಆಷಾಢ ಕಳೆದಳು.

ಅಪ್ಪನಿಗೆ ನಾನೇ ನಿಜ ಹೇಳಿದೆ. ಅವರು ಪಂಚಾಂಗ ಮುಚ್ಚಿಟ್ಟು, "ನನಗೆ ಹೇಳಿ ಏನು ಬಂತಮ್ಮಾ? ಹೇಳಬೇಕಾದ ಜಾಗದಲ್ಲಿ ಹೇಳು. ಅದಕ್ಕೆ ಮುಹೂರ್ತ ನೋಡಬೇಕಾಗಿಲ್ಲ" ಎಂದರು. ಆ ಮಾತಿನ ಮೇಲೆ ಅವರು ಮತ್ತೆ ಆ ವಿಷಯ ಎತ್ತಲಿಲ್ಲ, ತೀರಿಕೊಳ್ಳುವವರೆಗೂ.

ಗೋಡೆ ಬಿದ್ದ ಮಾರನೆಯ ದಿನ ಸಂಜೆ ನಾನು ಸೈಟಿಗೆ ಹೋದಾಗ ಜಯಮ್ಮ ಬೇವಿನ ಮರದ ಕೆಳಗಿದ್ದಳು. ಬಲಗೈ ಕುತ್ತಿಗೆಗೆ ಜೋಲಿ. ಎಡಗೈಯಲ್ಲಿ ಒಂದು ಚೆಂಬು. ಬಕೆಟ್ಟಿನಿಂದ ಮೊಗೆದು ಮೊಗೆದು ಆ ಮಿಕ್ಕ ಪೇರಿನ ಗೋಣಿತಾಟಿನ ಮೇಲೆ ನೀರು ಹಾಕುತ್ತಿದ್ದಳು. ನಾನು ಚೆಂಬು ಕಿತ್ತುಕೊಳ್ಳಲು ಹೋದೆ, ಕೊಡಲಿಲ್ಲ. "ಇನ್ನು ಯಾರಿಗೆ ಜಯಮ್ಮ ಇದು? ಬಿಡಿ" ಅಂದೆ.

"ಇಪ್ಪತ್ತೆಂಟು ಆಗ್ಲಿ, ಆಮೇಲೆ ನೋಡಾಣ" ಎಂದಳು.

ಹನ್ನೆರಡು ದಿನ ಅವಳು ಹಾಗೆಯೇ ಹಾಕಿದಳು. ಇಪ್ಪತ್ತೆಂಟು ತುಂಬಿದ ಬೆಳಿಗ್ಗೆ ಪಂಚಾಯ್ತಿ ಕಟ್ಟೆಗೆ ಹೋಗಿ, ಊರವರೆಲ್ಲ ಬರಬೇಕು ಎಂದು ಸಣ್ಣಪ್ಪಗೌಡರನ್ನು ಕರೆದಳು. ದನ ನೀರು ಕುಡಿಯುವ ಕಲ್ಲುಬಾನಿಯೊಳಗೆ ಎರಡು ಬ್ಲಾಕು ಇಡಿಸಿದಳು. ಒಂದು ಬಿದ್ದ ಗೋಡೆಯದು. ಇನ್ನೊಂದು ಅದೇ ಪೇರಿನ ಮೂಲೆಯದು, ಗೀರುಗಳಿದ್ದದ್ದು. ಮಾರನೆಯ ದಿನದವರೆಗೆ ಅದರ ಹತ್ತಿರ ಯಾರೂ ಬರಕೂಡದು ಎಂದು ಅಲ್ಲೇ ಕೂತಳು. ಮಾರನೆಯ ದಿನ ಗೌಡರು ತಾವೇ ತೋಳು ಮಡಿಸಿ ಬಾನಿಗೆ ಕೈ ಹಾಕಿದರು. ಮೊದಲನೆಯದು ಕೈಗೆ ಸಿಗಲೇ ಇಲ್ಲ, ಕೆಂಪು ನೀರಷ್ಟೇ. ಎರಡನೆಯದನ್ನು ಎತ್ತಿ ಕಟ್ಟೆಯ ಮೇಲೆ ಇಟ್ಟಾಗ ಠಣ್ ಎಂದಿತು. ಅಂಚು ಕೂಡ ಮುಕ್ಕಾಗಿರಲಿಲ್ಲ.

ಗೌಡರು ಅದನ್ನು ಸುತ್ತ ತಿರುಗಿಸಿ ನೋಡಿ, "ತಪ್ಪು ಮಣ್ಣಿಂದಲ್ಲ ಬುಡಿ. ಇವಳು ಮೊದ್ಲೇ ಇಂಗೆ ನೀರು ಆಕಿದ್ರೆ ಮನೆ ಉಳೀತಿತ್ತು" ಎಂದರು. ಜಯಮ್ಮ ತಲೆ ತಗ್ಗಿಸಿದಳು. ಆಗಲೂ ನಾನು ಅಲ್ಲೇ ಇದ್ದೆ. ಆಗಲೂ ಮಾತಾಡಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಶಾಲೆ ಎದ್ದಿತು. ಗಿಲಾವು ಇಲ್ಲದ ಬರಿಯ ಕೆಂಪು ಗೋಡೆ, ಹೆಂಚಿನ ಮಾಡು, ಉದ್ದನೆಯ ಜಗಲಿ. ಜಯಮ್ಮನ ಕೈ ಸೊಟ್ಟಗೆ ಕೂಡಿಕೊಂಡಿತ್ತು, ಹಿಡಿಕೆ ಎಳೆಯಲು ಆಗುತ್ತಿರಲಿಲ್ಲ. ಬೇರೆ ಹೆಂಗಸರಿಗೆ ಕಲಿಸಿಕೊಟ್ಟಳು. ಮಿಕ್ಕ ಬ್ಲಾಕುಗಳೂ ಆ ಗೀರಿನ ಬ್ಲಾಕೂ ಶಾಲೆಗೇ ಹೋದವು. ಅವಳ ಮನೆಯ ಪಡುವಣ ದಿಕ್ಕಿಗೆ ತೆಂಗಿನ ಗರಿಯ ತಡಿಕೆ ಬಂತು. ಯೋಜನೆಯಲ್ಲಿ ಮನೆಗೆಂದು ಇದ್ದ ಹಣ ಅಲ್ಲಿಗೆ ಮುಗಿದಿತ್ತು. ಶಾಲೆಯ ಬಾಗಿಲು ತೆಗೆದ ದಿನ ನನಗೆ ಹಾರ ಹಾಕಿದರು. ಅದೇ ವರ್ಷ ನಾನು ಸೈಟಿನ ಕೆಲಸ ಬಿಟ್ಟೆ. ಮದುವೆಯಾಯಿತು, ಪಾಠ ಹೇಳುವ ಕೆಲಸ ಸಿಕ್ಕಿತು ಎಂದು ಕೇಳಿದವರಿಗೆ ಹೇಳಿದೆ.

ಹನ್ನೆರಡು ವರ್ಷದ ಮೇಲೆ ಬಸ್ಸಿಳಿದು ಜಯಮ್ಮನ ಮನೆಯ ಮುಂದೆ ನಿಂತಾಗ ಮಧ್ಯಾಹ್ನ ಎರಡು ಗಂಟೆ. ಮೂರು ಗೋಡೆ ನಾವು ಕಟ್ಟಿದವು, ಹಾಗೇ ಇದ್ದವು. ಪಡುವಣದ್ದು ಸಿಮೆಂಟಿನದು, ನೀಲಿ ಬಣ್ಣ. ಬಾಗಿಲಿಗೆ ಬಂದವಳು ಸವಿತಾ. ಗೌರಿ ಹಬ್ಬದ ಬಾಗಿನಕ್ಕೆಂದು ತವರಿಗೆ ಬಂದಿದ್ದಳು. ಒಂದು ಗಳಿಗೆ ನೋಡಿ, "ಇಂಜಿನೇರಮ್ನೋರಾ?" ಎಂದು ಗುರುತು ಹಿಡಿದು ಒಳಗೆ ಕರೆದಳು. ಅಮ್ಮ ಶಾಲೆ ಹತ್ತಿರ ಇದ್ದಾಳೆ ಎಂದಳು. ಬಿಸಿಲು ಏರಿದರೆ ಆ ಸಿಮೆಂಟು ಗೋಡೆ ಕಾದು ಮನೆಯೊಳಗೆ ಕೂರಲು ಆಗುವುದಿಲ್ಲವಂತೆ. ದಿನವೂ ಮಧ್ಯಾಹ್ನ ಶಾಲೆಯ ಜಗಲಿಯ ತಂಪಿಗೆ ಹೋಗಿ ಕೂರುತ್ತಾಳಂತೆ.

ಕಾಫಿ ಕೊಡುತ್ತ ಸವಿತಾ, ಹಳೆಯ ಮಾತೊಂದನ್ನು ಸುಮ್ಮನೆ ಎತ್ತಿಕೊಂಡ ಹಾಗೆ, ಹೇಳಿದಳು: "ನಮ್ಮವ್ವ ಅವತ್ತು ಒಂದೀಟು ನೀರು ಆಕಿದ್ರೆ ಆ ಗ್ವಾಡೇನೂ ನಿಂತಿರ್ತಿತ್ತು, ಅಲ್ವಾ ಮೇಡಂ? ನಮ್ಮತ್ತೆ ಇವತ್ತಿಗೂ ಅಂತಾರೆ, ಮಗಳು ಬತ್ತಳೆ ಅಂತ ಗೊತ್ತಿದ್ದೂ ನಿಮ್ಮವ್ವಂಗೆ ನಾಕು ಕೊಡ ನೀರು ಭಾರ ಆಯ್ತಾ ಅಂತ. ನಾನೇನು ಉತ್ರ ಕೊಡ್ಲಿ? ನಂಗೂ ಅಂಗೇ ಅನ್ನಿಸ್ತದೆ."

ಲೋಟ ಕೆಳಗಿಟ್ಟೆ. ನಂದು ಅಂದರೆ ಏನೋಯ್ತದೆ ಎಂದು ಜಯಮ್ಮ ಅಂದಿದ್ದಳಲ್ಲ, ಹೋದದ್ದು ಇದು. ನನ್ನ ಕೆಲಸ ಉಳಿಯಿತು, ಶಾಲೆ ಉಳಿಯಿತು, ಮಗಳ ಮನಸ್ಸಿನಲ್ಲಿ ತಾಯಿ ಉಳಿಯಲಿಲ್ಲ. ಹನ್ನೆರಡು ವರ್ಷ ಇದನ್ನು ಅವಳು ಪ್ರತಿ ಹಬ್ಬಕ್ಕೂ ಕೇಳಿಸಿಕೊಂಡು ಸುಮ್ಮನಿದ್ದಳು.

"ಸವಿತಾ, ನಿಮ್ಮಮ್ಮ ಒಂದು ದಿನವೂ ನೀರು ತಪ್ಪಿಸಲಿಲ್ಲ" ಅಂದೆ. "ಒಂಬತ್ತನೇ ದಿನಕ್ಕೆ ಕಟ್ಟಿ ಅಂತ ಹೇಳಿದ್ದು ನಾನು. ಇನ್ನೂ ಒಂಬತ್ತೇ ಆಗಿದೆ ಅಂತ ಎಚ್ಚರಿಸಿದ್ದು ಅವರು. ಸಾಹೇಬರ ಮುಂದೆ ಅವರು ಸುಳ್ಳು ಹೇಳಿದರು, ನಾನು ಸುಮ್ಮನಿದ್ದೆ."

ಅವಳು ನನ್ನನ್ನು ನೋಡಿದಳು. ಆಮೇಲೆ ನಕ್ಕಳು. "ಬುಡಿ ಮೇಡಂ. ನಮ್ಮವ್ವ ನಿಮ್ಗೆ ಇಷ್ಟ ಅಂತ ಯೇಳ್ತಿದ್ದೀರ. ಎಲ್ರ ಮುಂದೆ ಅವಳೇ ಒಪ್ಕಂಡಿದ್ದು ನನ್ನ ಕಿವೀಲೇ ಕೇಳಿವ್ನಿ."

ನಾನು ಎದ್ದು ಅವಳ ಕೈ ಹಿಡಿದುಕೊಂಡೆ. ಬಾ ನನ್ನ ಜೊತೆ ಅಂದೆ.

ಶಾಲೆಯ ಒಳಗೆ ಮೇಷ್ಟ್ರು ಪಾಠ ಮಾಡುತ್ತಿದ್ದರು. ಜಗಲಿಯ ಆ ತುದಿಯಲ್ಲಿ, ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ ಜಯಮ್ಮ ಕೂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡು, "ಅಯ್ಯೋ ನಮ್ಮವ್ವ, ಯಾವಾಗ ಬಂದ್ರಿ" ಎಂದು ಎದ್ದೇಳಲು ಹೋದವಳು ಮಗಳ ಮುಖ ನೋಡಿ, ನನ್ನ ಮುಖ ನೋಡಿ, ಎದ್ದೇಳದೆ ಹಾಗೆಯೇ ಗೋಡೆಗೆ ಒರಗಿಕೊಂಡಳು.

"ಜಯಮ್ಮ, ಆ ಬ್ಲಾಕು ಎಲ್ಲಿ?" ಅಂದೆ.

"ಯಾವುದವ್ವ?"

"ಗೀರಿಂದು."

"ಅಳೇದೆಲ್ಲ ಯಾಕೆ ಬುಡ್ರವ್ವ ಈಗ" ಎಂದು ಅವಳು ಸೊಟ್ಟ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಸವಿತಾ ಬಿಟ್ಟ ಕಣ್ಣು ಬಿಟ್ಟ ಹಾಗೇ ತಾಯಿಯನ್ನು ನೋಡುತ್ತಿದ್ದಳು. "ಅವ್ವ ದಿನಾ ಇಲ್ಲೇ ಕೂರೋದು. ಈ ಜಾಗಕ್ಕೆ ಐಕ್ಳನ್ನೂ ಬುಡಕಿಲ್ಲ" ಎಂದಳು, ತನಗೆ ತಾನೇ ಹೇಳಿಕೊಂಡ ಹಾಗೆ.

"ಪಕ್ಕಕ್ಕೆ ಸರಿಯಿರಿ ಜಯಮ್ಮ" ಅಂದೆ. "ಇದೊಂದು ಸಲ ನಾನು ಹೇಳಿದ್ದನ್ನ ಕೇಳಿ. ಅವತ್ತು ಕೇಳಿ ಕೆ​ಟ್ಟಿರಿ. ಇವತ್ತು ಕೇಳಿ."

ಅವಳು ಸರಿದಳು. ಅವಳ ಬೆನ್ನು ಉಜ್ಜಿ ಉಜ್ಜಿ ಆ ಜಾಗದ ಗೋಡೆ ನುಣುಪಾಗಿ ಹೊಳೆಯುತ್ತಿತ್ತು. ನಡುವಿನ ಬ್ಲಾಕಿನ ಮೇಲೆ ಸಾಲಾಗಿ ಗೀರುಗಳಿದ್ದವು. "ನೀರು ಹೊಡೆದ ದಿನಕ್ಕೊಂದು ಗೀರು, ನಿಮ್ಮಮ್ಮ ಎಳೆದದ್ದು" ಎಂದು ಸವಿತಾಳಿಗೆ ಹೇಳಿದೆ.

ಸವಿತಾ ಮಂಡಿಯೂರಿ ಕೂತಳು. ಬೆರಳಿಟ್ಟು ಎಣಿಸತೊಡಗಿದಳು. ಒಂದು, ಎರಡು, ಮೂರು. ಒಂಬತ್ತಕ್ಕೆ ಒಂದು ಕ್ಷಣ ನಿಂತು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಮುಂದೆ ಎಣಿಸಿದಳು. ಹದಿನಾರರವರೆಗೆ ಗೀರುಗಳು ಆಳವಾಗಿ, ನೆಟ್ಟಗೆ ಇದ್ದವು. ಅಲ್ಲಿಂದಾಚೆ ಅವು ಓರೆಯಾಗಿ, ತೆಳ್ಳಗೆ, ಒಂದರ ಮೇಲೊಂದು ವಾಲಿಕೊಂಡಿದ್ದವು. ಅವಳ ಬೆರಳು ಅಲ್ಲಿ ನಿಂತುಹೋಯಿತು. ತಿರುಗಿ ತಾಯಿಯ ಸೆರಗಿನ ಕಡೆ ನೋಡಿದಳು.

"ಇಲ್ಲಿಂದ ಎಡಗೈನಲ್ಲಾ ಅವ್ವ?"

"ಬಲಗೈ ಏಳ್ತಿರ್ಲಿಲ್ಲ ಮಗ" ಎಂದಳು ಜಯಮ್ಮ.

ಸವಿತಾ ಗೋಡೆಗೆ ತಿರುಗಿ ಹದಿನೇಳರಿಂದ ಎಣಿಸಿದಳು, ಈಗ ದನಿ ತೆಗೆದು. ಕೊನೆಕೊನೆಯ ಗೀರುಗಳು ಕಣ್ಣಿಗೆ ಕಾಣುವಂತಿರಲಿಲ್ಲ, ಉಗುರಿನಿಂದ ತಡವಿ ಹುಡುಕಬೇಕಿತ್ತು. ಅವಳು ಒಂದನ್ನೂ ಬಿಡಲಿಲ್ಲ. ಇಪ್ಪತ್ತೆಂಟು ಎಂದಮೇಲೂ ಬೆರಳನ್ನು ಅಲ್ಲಿಂದ ತೆಗೆಯದೆ, ಇನ್ನೊಂದು ಕೈ ಚಾಚಿ ತಾಯಿಯ ಸೆರಗಿನೊಳಗಿನ ಆ ಸೊಟ್ಟ ಕೈಯನ್ನು ಹೊರಗೆ ಎಳೆದುಕೊಂಡಳು.